ಹೈ-ಪವರ್ ಎಲ್‌ಇಡಿ ಸುಡದಂತೆ ಉರಿಸುವುದು: ಹೊಸಬರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

10 ವಾಟ್‌ನ ಎಲ್‌ಇಡಿ ಚಿಪ್ ಕೊಂಡು ತಂದ ಹೊಸಬರಲ್ಲಿ ಬಹುಪಾಲು ಜನ ಮೊದಲು ಮಾಡುವ ಕೆಲಸ ಒಂದೇ: ಮನೆಯಲ್ಲಿ ಬಿದ್ದಿರುವ 12 ವೋಲ್ಟ್ ಅಡಾಪ್ಟರ್‌ನ ಎರಡು ತಂತಿಗಳನ್ನು ಅದಕ್ಕೆ ತಾಗಿಸಿ ನೋಡುವುದು. ಬೆಳಕು ಕಣ್ಣು ಕೋರೈಸುತ್ತದೆ, ಕೆಲವೇ ಸೆಕೆಂಡುಗಳಲ್ಲಿ ನೀಲಿಗೆ ತಿರುಗುತ್ತದೆ, ಆಮೇಲೆ ಚಿಪ್ ಸತ್ತಿರುತ್ತದೆ. ಅಂಗಡಿಯವರು ಕೆಟ್ಟ ಮಾಲು ಕೊಟ್ಟರೆಂದು ಬೈದುಕೊಂಡು ಇನ್ನೊಂದು ತರುತ್ತಾರೆ. ಅದೂ ಅದೇ ದಾರಿ ಹಿಡಿಯುತ್ತದೆ. ಇಲ್ಲಿ ಕೆಟ್ಟಿರುವುದು ಕೆಲಸದ ಅನುಕ್ರಮ. ಮೊದಲು ಶಾಖ ಹೊರಹೋಗಲು ದಾರಿ, ಆಮೇಲೆ ಪ್ರವಾಹಕ್ಕೆ ಮಿತಿ, ಕಟ್ಟಕಡೆಗೆ ವಿದ್ಯುತ್. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಚಿಪ್ ತಂದರೂ ಉಳಿಯುವುದಿಲ್ಲ.

ಈ ಬರಹ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತದೆ: ಸುಮಾರು 20 ಮಿ.ಮೀ. ಚೌಕದ, ಎರಡು ಕಾಲುಗಳಿರುವ 10 ವಾಟ್‌ನ ಬಿಳಿ ಚಿಪ್. ಇದರೊಳಗೆ ಸಾಮಾನ್ಯವಾಗಿ 9 ಸಣ್ಣ ಎಲ್‌ಇಡಿಗಳಿರುತ್ತವೆ. ಮೂರು ಮೂರರಂತೆ ಸರಣಿಯಲ್ಲಿ (ಒಂದರ ಹಿಂದೊಂದು) ಜೋಡಿಸಿದ ಮೂರು ಸಾಲುಗಳು ಅಕ್ಕಪಕ್ಕ ಸೇರಿರುತ್ತವೆ. ಮಾರುವವರು ಕೊಡುವ ಅಳತೆ 9ರಿಂದ 11 ವೋಲ್ಟ್, 900 ಮಿಲಿಆಂಪಿಯರ್. ಇದೇ ಗಾತ್ರದಲ್ಲಿ 30 ವೋಲ್ಟ್ ಕೇಳುವ ಚಿಪ್‌ಗಳೂ ಮಾರುಕಟ್ಟೆಯಲ್ಲಿವೆ. ನಿಮ್ಮದು ಯಾವುದೆಂದು ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

## ಮೊದಲು ತಿಳಿದಿರಬೇಕಾದ ಎರಡು ಸಂಗತಿ

ಎಲ್‌ಇಡಿ ಹೊತ್ತಿಕೊಳ್ಳುವ ವೋಲ್ಟೇಜ್ ಮುಟ್ಟಿದ ಮೇಲೆ, ಕೊಡುವ ವೋಲ್ಟೇಜ್ ತುಸುವೇ ಏರಿದರೂ ಅದರಲ್ಲಿ ಹರಿಯುವ ಪ್ರವಾಹ ಜಿಗಿದುಬಿಡುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಬಿಸಿಯಾದಂತೆಲ್ಲ ಎಲ್‌ಇಡಿಗೆ ಬೇಕಾಗುವ ವೋಲ್ಟೇಜ್ ಇಳಿಯುತ್ತದೆ: ಒಂದೊಂದು ಎಲ್‌ಇಡಿಗೆ, ಒಂದೊಂದು ಡಿಗ್ರಿಗೆ, ಸುಮಾರು 2ರಿಂದ 4 ಮಿಲಿವೋಲ್ಟ್. 50 ಡಿಗ್ರಿ ಬಿಸಿಯೇರಿದರೆ ಮೂರರ ಸಾಲಿಗೆ 0.3ರಿಂದ 0.6 ವೋಲ್ಟ್ ಕಡಿಮೆ ಸಾಕಾಗುತ್ತದೆ. ಅಡಾಪ್ಟರ್ ಮಾತ್ರ ತನ್ನ 12 ವೋಲ್ಟ್ ಬಿಟ್ಟುಕೊಡುವುದಿಲ್ಲ. ಹಾಗಾಗಿ ಪ್ರವಾಹ ಏರುತ್ತದೆ, ಅದರಿಂದ ಬಿಸಿ ಏರುತ್ತದೆ, ಬಿಸಿಯಿಂದ ಪ್ರವಾಹ ಇನ್ನೂ ಏರುತ್ತದೆ. ಈ ಸುತ್ತು ಚಿಪ್ ಸುಟ್ಟಾಗಲೇ ನಿಲ್ಲುವುದು. ವೋಲ್ಟೇಜ್ ಸರಿಹೊಂದಿಸಿದರೆ ಸಾಲದು, ಪ್ರವಾಹವನ್ನೇ ಕಟ್ಟಿಹಾಕಬೇಕು ಎನ್ನುವುದು ಇದಕ್ಕಾಗಿ.

ಎರಡನೆಯದು ಶಾಖ. ಇಂಥ ಅಗ್ಗದ ಚಿಪ್‌ಗೆ ಕೊಟ್ಟ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಶಾಖವೇ ಆಗುತ್ತದೆ. ಅದು ಬೆಳಕಿನ ಜೊತೆ ಮುಂದಕ್ಕೆ ಹೋಗುವುದಿಲ್ಲ. ಬೆನ್ನಿನ ತಾಮ್ರದ ತಟ್ಟೆಯ ಮೂಲಕವೇ ಹಿಂದಕ್ಕೆ ಇಳಿಯಬೇಕು. ಆ ತಟ್ಟೆಗೆ ಏನೂ ಅಂಟಿರದಿದ್ದರೆ ಅಷ್ಟು ಶಾಖವೂ ಉಗುರಗಲದ ಜಾಗದಲ್ಲಿ ಸಿಕ್ಕಿಬೀಳುತ್ತದೆ.

## ಬೇಕಾದ ಸಾಮಾನು

ಚಿಪ್ ಬಿಟ್ಟರೆ ಮುಖ್ಯವಾದವು ಮೂರು. ಮೊದಲನೆಯದು ಹಳೆಯ ಲ್ಯಾಪ್‌ಟಾಪಿನ, ವೈರು ಹರಿಯದ, ಕವಚ ಒಡೆಯದ 19 ವೋಲ್ಟ್ ಅಡಾಪ್ಟರ್. ಎರಡನೆಯದು ವೋಲ್ಟೇಜ್ ಮತ್ತು ಪ್ರವಾಹ ಎರಡನ್ನೂ ಬೇರೆ ಬೇರೆ ಹೊಂದಿಸಬಹುದಾದ ಬಕ್ ಮಾಡ್ಯೂಲ್ (ವೋಲ್ಟೇಜ್ ಇಳಿಸುವ ಪುಟ್ಟ ಹಲಗೆ). ಎಕ್ಸ್‌ಎಲ್4015 ಐಸಿ ಇರುವ ಹಲಗೆಗಳು ಸುಲಭವಾಗಿ ಸಿಗುತ್ತವೆ. ಕೊಳ್ಳುವಾಗ ಸುತ್ತು ತಿರುಗಿಸುವ ನೀಲಿ ಪಾಟ್‌ಗಳು (ಹೊಂದಿಸುವ ತಿರುಪುಗಳು) ಎರಡಿವೆಯೇ ನೋಡಿ. ಒಂದೇ ಇದ್ದರೆ ಅದು ಬರೀ ವೋಲ್ಟೇಜ್ ಹೊಂದಿಸುವ ಹಲಗೆ, ನಮ್ಮ ಕೆಲಸಕ್ಕೆ ಬಾರದು. ಮೂರನೆಯದು ಹೀಟ್ ಸಿಂಕ್, ಅಂದರೆ ಚಿಪ್‌ನ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡು.

ಜೊತೆಗೆ ಥರ್ಮಲ್ ಪೇಸ್ಟ್, ಐಸೊಪ್ರೊಪೈಲ್ ಆಲ್ಕೋಹಾಲ್, 3 ಮಿ.ಮೀ. ಸ್ಕ್ರೂಗಳು ಮತ್ತು ಫೈಬರ್ ವಾಷರ್‌ಗಳು, 2 ಆಂಪಿಯರ್ ಫ್ಯೂಸ್ ಮತ್ತು ಹೋಲ್ಡರ್, ಮೊಸಳೆ ಕ್ಲಿಪ್ ಇರುವ ತಂತಿಗಳು, ಸೋಲ್ಡರಿಂಗ್ ಐರನ್, 9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ರೆಸಿಸ್ಟರ್ ಮತ್ತು 10 ಆಂಪಿಯರ್ ಅಳೆಯಬಲ್ಲ ಮಲ್ಟಿಮೀಟರ್ ಬೇಕು. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಬೆಂಗಳೂರಿನಲ್ಲಿರುವವರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಹೀಟ್ ಸಿಂಕ್ ಮಟ್ಟಿಗೆ ಹಳೆಯ ಕಂಪ್ಯೂಟರ್ ಬಿಚ್ಚುವ ಗುಜರಿ ಅಂಗಡಿಯೇ ಲೇಸು.

ಲ್ಯಾಪ್‌ಟಾಪ್ ಅಡಾಪ್ಟರ್ ಅನ್ನೇ ಹೇಳಲು ಕಾರಣವಿದೆ. 230 ವೋಲ್ಟ್ ಅದರ ಪೆಟ್ಟಿಗೆಯೊಳಗೇ ಮುಗಿದುಹೋಗುತ್ತದೆ. ಹೊರಗೆ ಬರುವ 19 ವೋಲ್ಟ್ ಮನೆಯ ಲೈನ್‌ನಿಂದ ಬೇರ್ಪಟ್ಟಿರುತ್ತದೆ. ಕಲಿಯುವ ಕೈ ಮುಟ್ಟುವ ಜಾಗದಲ್ಲೆಲ್ಲ ಈ ಕಡಿಮೆ ವೋಲ್ಟೇಜೇ ಇರಬೇಕು.

## ಹಂತ 1: ಚಿಪ್ ಪರೀಕ್ಷೆ

ಹಳದಿ ಮುಖವನ್ನು ಬೆರಳಿನಿಂದ ಒತ್ತಬೇಡಿ. ಅದು ಮೆತ್ತನೆಯ ಸಿಲಿಕೋನ್. ಅದರಡಿಯಲ್ಲಿ ಕೂದಲಿಗಿಂತ ತೆಳುವಾದ ತಂತಿಗಳು ಒಂದು ಎಲ್‌ಇಡಿಯಿಂದ ಇನ್ನೊಂದಕ್ಕೆ ಹೋಗಿರುತ್ತವೆ. ಒಂದು ಒತ್ತಿಗೆ ತಂತಿ ಕಡಿದರೆ ಒಂದು ಸಾಲು ಆರಿಹೋಗುತ್ತದೆ, ಅದರ ಪಾಲಿನ ಪ್ರವಾಹ ಉಳಿದೆರಡು ಸಾಲುಗಳ ಮೇಲೆ ಬೀಳುತ್ತದೆ. ಚಿಪ್ ಹಿಡಿಯುವುದಿದ್ದರೆ ಅಂಚಿನಲ್ಲಿ ಹಿಡಿಯಿರಿ.

ಪ್ಲಸ್ ಕಾಲು ಯಾವುದೆಂದು ತಿಳಿಯಲು 9 ವೋಲ್ಟ್ ಬ್ಯಾಟರಿಯ ಜೊತೆ 1 ಕಿಲೋಓಮ್ ರೆಸಿಸ್ಟರ್ ಅನ್ನು ಸರಣಿಯಲ್ಲಿ ಸೇರಿಸಿ ಎರಡೂ ಕಾಲಿಗೆ ತಾಗಿಸಿ. ಸರಿಯಾದ ದಿಕ್ಕಿನಲ್ಲಿದ್ದರೆ ಒಂಬತ್ತು ಚುಕ್ಕಿಗಳು ಮಂಕಾಗಿ ಮಿನುಗುತ್ತವೆ. ಮಿನುಗದಿದ್ದರೆ ತಿರುಗಿಸಿ. ಒಂದಿಡೀ ಸಾಲು ಕಪ್ಪಾಗಿದ್ದರೆ ಆ ಚಿಪ್ ಅನ್ನು ಹಿಂದಿರುಗಿಸಿ. ಇಲ್ಲಿ ಹರಿಯುವ ಪ್ರವಾಹ ಒಂದು ಮಿಲಿಆಂಪಿಯರ್ ಆಸುಪಾಸು, ಹಾಗಾಗಿ ಹೀಟ್ ಸಿಂಕ್ ಇಲ್ಲದೆ ಮಾಡಬಹುದಾದ ಪರೀಕ್ಷೆ ಇದೊಂದೇ.

ಮಲ್ಟಿಮೀಟರ್‌ನ ಡಯೋಡ್ ಸ್ಥಾನದಲ್ಲಿ ನೋಡಿ ಚಿಪ್ ಸತ್ತಿದೆ ಎಂದು ತೀರ್ಮಾನಿಸುವವರು ಬಹಳ ಜನ. ಸಾಮಾನ್ಯ ಮೀಟರ್ ಆ ಸ್ಥಾನದಲ್ಲಿ ಕೊಡುವುದು 3 ವೋಲ್ಟ್ ಆಚೀಚೆ. ಮೂರು ಎಲ್‌ಇಡಿಗಳ ಸರಣಿ ಹೊತ್ತಲು 8 ವೋಲ್ಟ್ ಹತ್ತಿರ ಬೇಕು. ಮೀಟರ್ ಏನೂ ತೋರಿಸದಿರುವುದು ಸಹಜ. ಆದರೆ ಕಂಟಿನ್ಯುಟಿ ಸ್ಥಾನಕ್ಕೆ (ಎರಡು ಬಿಂದುಗಳ ನಡುವೆ ಸಂಪರ್ಕವಿದ್ದರೆ ಬೀಪ್ ಎನ್ನುವ ಸ್ಥಾನ) ಒಂದು ಕೆಲಸವಿದೆ: ಬೆನ್ನಿನ ತಾಮ್ರದ ತಟ್ಟೆಗೂ ಒಂದೊಂದು ಕಾಲಿಗೂ ಮೀಟರ್‌ನ ಮುಳ್ಳು (ತಂತಿ ತುದಿಯ ಲೋಹದ ಮೊನೆ) ಹಿಡಿದು ನೋಡಿ. ಬೀಪ್ ಬರಬಾರದು. ಬಂದರೆ ಚಿಪ್ ಒಳಗೇ ಶಾರ್ಟ್ ಆಗಿದೆ.

## ಹಂತ 2: ಹೀಟ್ ಸಿಂಕ್ ಆರಿಸುವುದು

ಫ್ಯಾನ್ ಇಲ್ಲದೆ ತಣಿಸಬೇಕಾದರೆ ಒಂದು ವಾಟ್ ಶಾಖಕ್ಕೆ ಗಾಳಿಗೆ ತೆರೆದ ಮೇಲ್ಮೈ 60 ಚದರ ಸೆಂ.ಮೀ.ಗೆ ಕಡಿಮೆ ಇರಬಾರದು. ನಮ್ಮ ಚಿಪ್ ಪೂರ್ತಿ ಶಕ್ತಿಯಲ್ಲಿ ಉಗುಳುವುದು ಹೆಚ್ಚೆಂದರೆ 7 ವಾಟ್ ಶಾಖ. ಅಂದರೆ 420 ಚದರ ಸೆಂ.ಮೀ. ಬೇಕು. 15 ಸೆಂ.ಮೀ. ಚೌಕದ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆಗೆ ಎರಡೂ ಮುಖ ಸೇರಿ 450 ಚದರ ಸೆಂ.ಮೀ. ಬರುತ್ತದೆ. ಎರಡೂ ಕಡೆ ಗಾಳಿಯಾಡಿದರೆ ಅದೇ ಸಾಕು. ಹಳೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಮೇಲಿನ ರೆಕ್ಕೆಗಳಿರುವ ಹೀಟ್ ಸಿಂಕ್ ಇನ್ನೂ ಒಳ್ಳೆಯದು. ರೆಕ್ಕೆಗಳು ನೆಟ್ಟಗೆ ನಿಂತಿರುವಂತೆ ಕೂರಿಸಿ, ಬಿಸಿಗಾಳಿ ಅವುಗಳ ನಡುವಿನಿಂದ ಮೇಲೇರಿ ಹೋಗಲಿ.

ಮೊಬೈಲ್ ಗಾತ್ರದ ಹಲಗೆಗಳ ಐಸಿ ಮೇಲೆ ಅಂಟಿಸುವ ಪುಟ್ಟ ಹೀಟ್ ಸಿಂಕ್‌ಗಳನ್ನು ಈ ಚಿಪ್‌ಗೆ ಹಾಕುವವರಿದ್ದಾರೆ. ಚಿಪ್‌ನಷ್ಟೇ ಅಗಲದ ಆ ತುಂಡು ಒಂದೆರಡು ನಿಮಿಷ ಮಾತ್ರ ಶಾಖ ಹೀರಿ, ಆಮೇಲೆ ತಾನೇ ಕಾದು ಕೂರುತ್ತದೆ.

## ಹಂತ 3: ಕೂರಿಸುವ ಮೊದಲೇ ತಂತಿಗೆ ಬೆಸುಗೆ

ಈ ಅನುಕ್ರಮವನ್ನು ತಪ್ಪಿಸಿದವರು ಗಂಟೆಗಟ್ಟಲೆ ಒದ್ದಾಡುತ್ತಾರೆ. ಚಿಪ್ ಹೀಟ್ ಸಿಂಕ್ ಮೇಲೆ ಕುಳಿತ ನಂತರ ಕಾಲಿಗೆ ಐರನ್ ತಾಗಿಸಿದರೆ ಶಾಖವೆಲ್ಲ ಅಲ್ಯೂಮಿನಿಯಂಗೆ ಇಳಿದುಹೋಗುತ್ತದೆ, ಸೀಸ ಕರಗುವುದೇ ಇಲ್ಲ. ಐರನ್ ಒತ್ತಿ ಹಿಡಿದಷ್ಟೂ ಚಿಪ್‌ಗೆ ಹಾನಿ.

ಆದ್ದರಿಂದ ಚಿಪ್ ಇನ್ನೂ ಮರದ ತುಂಡಿನ ಮೇಲಿರುವಾಗಲೇ ಕಾಲಿಗೂ ತಂತಿಯ ತುದಿಗೂ ಬೇರೆ ಬೇರೆಯಾಗಿ ಸೀಸ ಹಿಡಿಸಿ, ಎರಡನ್ನೂ ಸೇರಿಸಿ ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿ. ಕೆಂಪು ತಂತಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಬೆಸುಗೆಯ ಗುಂಡಿ ಕಾಲಿನ ಕೆಳಭಾಗಕ್ಕೆ ಜೋತುಬೀಳದಂತೆ ನೋಡಿ. ಜೋತುಬಿದ್ದರೆ ನಾಳೆ ಅದೇ ಹೀಟ್ ಸಿಂಕ್‌ಗೆ ತಾಗಿ ಶಾರ್ಟ್ ಆಗುತ್ತದೆ. ನಕ್ಷತ್ರಾಕಾರದ ಅಲ್ಯೂಮಿನಿಯಂ ಹಲಗೆಯ ಮೇಲಿರುವ 1 ಅಥವಾ 3 ವಾಟ್ ಎಲ್‌ಇಡಿಗಳಿಗೆ 25 ವಾಟ್ ಐರನ್ ಸಾಲದು. 60 ವಾಟ್‌ನದನ್ನು ಬಳಸಿ ಬೇಗ ಮುಗಿಸಿ.

## ಹಂತ 4: ಪೇಸ್ಟ್ ಹಚ್ಚಿ ಕೂರಿಸುವುದು

ಹೀಟ್ ಸಿಂಕ್‌ಗೆ ತೂತು ಕೊರೆದ ಮೇಲೆ ತೂತಿನ ಅಂಚಿನಲ್ಲಿ ಲೋಹದ ಸಣ್ಣ ಮುಳ್ಳುಗಳು ಎದ್ದಿರುತ್ತವೆ. ಅವು ಕಣ್ಣಿಗೆ ಕಾಣದಷ್ಟು ಇದ್ದರೂ ಚಿಪ್ ಅನ್ನು ಎತ್ತಿ ಹಿಡಿಯುತ್ತವೆ. ದೊಡ್ಡ ಡ್ರಿಲ್ ಬಿಟ್ ಅನ್ನು ಕೈಯಿಂದಲೇ ತಿರುಗಿಸಿ ಅಂಚು ಸವರಿ, ಮೇಲ್ಮೈಯನ್ನು ನುಣುಪು ಮರಳು ಕಾಗದದಿಂದ ಉಜ್ಜಿ, ಆಲ್ಕೋಹಾಲ್‌ನಲ್ಲಿ ಒರೆಸಿ. ಬಣ್ಣ ಬಳಿದ ಹೀಟ್ ಸಿಂಕ್ ಆದರೆ ಚಿಪ್ ಕೂರುವ ಜಾಗದ ಬಣ್ಣ ಪೂರ್ತಿ ಹೋಗಬೇಕು.

ಪೇಸ್ಟ್‌ನ ಕೆಲಸ ಎರಡು ಲೋಹಗಳ ನಡುವಿನ ಸೂಕ್ಷ್ಮ ಗುಂಡಿಗಳಲ್ಲಿರುವ ಗಾಳಿಯನ್ನು ಹೊರಹಾಕುವುದು, ಅಷ್ಟೇ. ಲೋಹಕ್ಕಿಂತ ಅದು ಶಾಖವನ್ನು ಬಹಳ ಕಡಿಮೆ ಸಾಗಿಸುತ್ತದೆ. ಕಾವಲಿಗೆ ಎಣ್ಣೆ ಸವರಿದ ಹಾಗೆ ತೆಳ್ಳಗಿರಬೇಕು. ನಡುವೆ ಒಂದು ಅಕ್ಕಿಕಾಳಿನಷ್ಟು ಇಟ್ಟು ಚಿಪ್ ಅನ್ನು ಒತ್ತಿ, ತುಸು ಅತ್ತಿತ್ತ ಜಾರಿಸಿ, ಒಮ್ಮೆ ಎತ್ತಿ ನೋಡಿ. ತಾಮ್ರದ ತಟ್ಟೆಯ ತುಂಬ ಬೂದುಬಣ್ಣ ಸಮನಾಗಿ ಹಿಡಿದಿರಬೇಕು. ಒಂದು ಮೂಲೆ ಒಣಗಿದ್ದರೆ ಮೇಲ್ಮೈ ಸಮತಟ್ಟಾಗಿಲ್ಲ ಎಂದರ್ಥ; ಪೇಸ್ಟ್ ಹೆಚ್ಚಿಸಿ ಅದನ್ನು ಮುಚ್ಚಿಹಾಕಬೇಡಿ, ಮತ್ತೆ ಉಜ್ಜಿ.

ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ತುದಿ ಮೇಲೇಳುತ್ತದೆ. ಸ್ಕ್ರೂವಿನ ತಲೆ ಕಾಲಿಗೆ ತಾಗದಂತೆ ಫೈಬರ್ ವಾಷರ್ ಹಾಕಿ. ಆಮೇಲೆ ಮಲ್ಟಿಮೀಟರ್ ಹಿಡಿದು ಎರಡೂ ತಂತಿಗಳಿಗೂ ಹೀಟ್ ಸಿಂಕ್‌ಗೂ ಕಂಟಿನ್ಯುಟಿ ಇಲ್ಲವೆಂದು ಮತ್ತೊಮ್ಮೆ ನೋಡಿ. ಫೆವಿಕ್ವಿಕ್, ಎಂ-ಸೀಲ್, ಅಕ್ವೇರಿಯಂ ಅಂಟು ಇವು ಯಾವುವೂ ಶಾಖ ಸಾಗಿಸುವ ಅಂಟುಗಳಲ್ಲ. ಸ್ಕ್ರೂ ಹಾಕಲು ಜಾಗವೇ ಇಲ್ಲದಿದ್ದರೆ ಥರ್ಮಲ್ ಅಂಟೆಂದೇ ಮಾರುವುದನ್ನು ತನ್ನಿ.

## ಹಂತ 5: ಮಾಡ್ಯೂಲ್ ಹೊಂದಿಸುವುದು, ಚಿಪ್ ಇನ್ನೂ ದೂರವೇ ಇರಲಿ

ಅಡಾಪ್ಟರ್‌ನ ಪಿನ್‌ನಲ್ಲಿ ಪ್ಲಸ್ ಯಾವುದೆಂದು ಮೀಟರ್‌ನಿಂದ ಅಳೆದು ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಒಳಗಿನ ಭಾಗ ಪ್ಲಸ್ ಇರುತ್ತದೆ, ಆದರೂ ಅಳೆಯದೆ ಜೋಡಿಸಬೇಡಿ. ಉಲ್ಟಾ ಕೊಟ್ಟರೆ ಇಂಥ ಹಲಗೆಗಳು ಅಲ್ಲೇ ಮುಗಿಯುತ್ತವೆ. ಪ್ಲಸ್ ತಂತಿಯಲ್ಲಿ ಫ್ಯೂಸ್ ಇರಲಿ.

ಮಾಡ್ಯೂಲ್‌ಗೆ 19 ವೋಲ್ಟ್ ಕೊಟ್ಟು, ಔಟ್‌ಪುಟ್ ಖಾಲಿ ಇರುವಾಗ ವೋಲ್ಟೇಜ್ ಪಾಟ್ ತಿರುಗಿಸಿ 11 ವೋಲ್ಟ್‌ಗೆ ತನ್ನಿ. ಪಾಟ್‌ಗಳು ಹತ್ತಾರು ಸುತ್ತು ತಿರುಗುತ್ತವೆ, ಮೊದಲ ಕೆಲವು ಸುತ್ತಿನಲ್ಲಿ ಏನೂ ಬದಲಾಗದಿದ್ದರೆ ಗಾಬರಿ ಬೇಡ. ಅನಂತರ ಪ್ರವಾಹದ ಪಾಟ್ ಅನ್ನು ಕಡಿಮೆಯಾಗುವ ದಿಕ್ಕಿಗೆ, ಹೆಚ್ಚಾಗಿ ಎಡಕ್ಕೆ, ಕೊನೆ ಮುಟ್ಟುವವರೆಗೆ ತಿರುಗಿಸಿ. ಹೊಸ ಹಲಗೆಯಲ್ಲಿ ಅದು ಯಾವ ಸ್ಥಾನದಲ್ಲಿ ಬೇಕಾದರೂ ಇರಬಹುದು.

ಅಡಾಪ್ಟರ್ ಬಂದ್ ಮಾಡಿ. ಮೀಟರ್‌ನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಮಾಡ್ಯೂಲ್‌ನ ಔಟ್‌ಪುಟ್‌ಗೆ ನೇರವಾಗಿ ಹಿಡಿಸಿ, ಅಡಾಪ್ಟರ್ ಹಾಕಿ. ಪ್ರವಾಹದ ಮಿತಿ ಕೆಲಸ ಮಾಡುತ್ತಿದ್ದರೆ ಮೀಟರ್ ಅಲ್ಪ ಪ್ರವಾಹವನ್ನಷ್ಟೇ ತೋರಿಸುತ್ತದೆ. ಆಂಪಿಯರ್‌ಗಟ್ಟಲೆ ತೋರಿಸಿದರೆ ತಕ್ಷಣ ಆರಿಸಿ, ಪಾಟ್ ತಪ್ಪು ದಿಕ್ಕಿಗೆ ತಿರುಗಿದೆ. ಈ ಅಳತೆ ಮುಗಿದೊಡನೆ ಕೆಂಪು ತಂತಿಯನ್ನು ವೋಲ್ಟ್ ತೂತಿಗೆ ವಾಪಸ್ ಹಾಕುವುದು ರೂಢಿಯಾಗಲಿ. ಅದೇ ಸ್ಥಿತಿಯಲ್ಲಿ ಮನೆಯ ಸಾಕೆಟ್ ಅಳೆಯಲು ಹೋದರೆ ಮೀಟರ್ ಮೂಲಕ 230 ವೋಲ್ಟ್ ಶಾರ್ಟ್ ಆಗುತ್ತದೆ. ಕೈ, ಕಣ್ಣು ಎರಡಕ್ಕೂ ಅಪಾಯ.

## ಹಂತ 6: ಮೊದಲ ಬಾರಿ ಹೊತ್ತಿಸುವುದು

ಎಲ್ಲವನ್ನೂ ಬಂದ್ ಮಾಡಿದ ಸ್ಥಿತಿಯಲ್ಲಿ ಮಾಡ್ಯೂಲ್, ಮೀಟರ್, ಚಿಪ್ ಮೂರನ್ನೂ ಸರಣಿಯಲ್ಲಿ ಜೋಡಿಸಿ. ಮುಳ್ಳು ಹಿಡಿದುಕೊಂಡು ನಿಲ್ಲಬೇಡಿ, ಮೊಸಳೆ ಕ್ಲಿಪ್ ಬಳಸಿ. ಚಿಪ್‌ನ ಮುಖ ಗೋಡೆಯ ಕಡೆಗಿರಲಿ. ಬರಿಗಣ್ಣಿನಿಂದ ನೇರ ನೋಡಬೇಡಿ. ನೋಡಲೇಬೇಕಿದ್ದರೆ ಮುಂದೆ ಬಿಳಿ ಕಾಗದ ಹಿಡಿಯಿರಿ, ಆದರೆ ಚಿಪ್‌ಗೆ ತಾಗಿಸಬೇಡಿ.

ಅಡಾಪ್ಟರ್ ಹಾಕಿ ಪ್ರವಾಹದ ಪಾಟ್ ಅನ್ನು ನಿಧಾನವಾಗಿ ಏರಿಸುತ್ತಾ 0.70 ಆಂಪಿಯರ್‌ಗೆ ನಿಲ್ಲಿಸಿ. 0.90 ಬರೆದಿರುವಾಗ 0.70 ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ: ಬೆಳಕಿನಲ್ಲಾಗುವ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಶಾಖ ಮಾತ್ರ ನಾಲ್ಕನೇ ಒಂದು ಪಾಲಿನ ಹತ್ತಿರ ತಗ್ಗುತ್ತದೆ. ಅಗ್ಗದ ಚಿಪ್ ಮೇಲಿನ ಅಂಕಿಯನ್ನು ಪೂರ್ತಿ ನಂಬಲೂಬಾರದು.

ಇಲ್ಲಿ ಮರೆಯಬಾರದ ನಿಯಮ: ಮಾಡ್ಯೂಲ್ ಅಥವಾ ಡ್ರೈವರ್ (ಎಲ್‌ಇಡಿಗೆಂದೇ ಸಿದ್ಧವಾಗಿ ಸಿಗುವ, ಪ್ರವಾಹಕ್ಕೆ ಮಿತಿ ಹಾಕುವ ಸಾಧನ) ಚಾಲೂ ಇರುವಾಗ ಚಿಪ್ ಅನ್ನು ಜೋಡಿಸಬೇಡಿ, ಬಿಡಿಸಲೂಬೇಡಿ. ಚಿಪ್ ಇಲ್ಲದಾಗ ಔಟ್‌ಪುಟ್‌ನ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗ) ಗರಿಷ್ಠ ವೋಲ್ಟೇಜ್‌ಗೆ ತುಂಬಿಕೊಂಡಿರುತ್ತದೆ. ಆಗ ಚಿಪ್ ತಾಗಿಸಿದರೆ, ಪ್ರವಾಹದ ಮಿತಿ ಎಚ್ಚೆತ್ತುಕೊಳ್ಳುವ ಮೊದಲೇ ಅದೆಲ್ಲ ಒಮ್ಮೆಲೇ ಚಿಪ್‌ನೊಳಗೆ ನುಗ್ಗುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಚಿಪ್ ಹೋಯಿತು ಎನ್ನುವವರಲ್ಲಿ ಅನೇಕರ ಸಮಸ್ಯೆ ಇದೇ. ನಮ್ಮ ಔಟ್‌ಪುಟ್ 11 ವೋಲ್ಟ್ ದಾಟದಂತೆ ಕಟ್ಟಿರುವುದರಿಂದ ಅಪಾಯ ಕಡಿಮೆ. ಅನೇಕ ಸಿದ್ಧ ಡ್ರೈವರ್‌ಗಳಲ್ಲಿ ಆ ರಕ್ಷಣೆ ಇರುವುದಿಲ್ಲ.

## ಹಂತ 7: ಶಾಖದ ಪರೀಕ್ಷೆ

ಮೊದಲ ನಿಮಿಷದಲ್ಲಿ ತಣ್ಣಗಿದೆ ಎಂದು ಸಮಾಧಾನಪಡಬೇಡಿ. ಹೀಟ್ ಸಿಂಕ್ ತನ್ನ ಕೊನೆಯ ಬಿಸಿ ಮುಟ್ಟಲು ಅರ್ಧ ಗಂಟೆಯಾದರೂ ಬೇಕು. 1, 5, 15, 30ನೇ ನಿಮಿಷಗಳಲ್ಲಿ ಚಿಪ್‌ನ ಅಂಚಿನ ಪಕ್ಕದಲ್ಲೇ ಅಳೆದು ಬರೆದುಕೊಳ್ಳಿ. ಕೆಲವು ಮೀಟರ್‌ಗಳ ಜೊತೆ ಬರುವ, ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಇದಕ್ಕೆ ಉತ್ತಮ. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ನಿಜಕ್ಕಿಂತ ಬಹಳ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಕಪ್ಪು ಇನ್ಸುಲೇಷನ್ ಟೇಪ್ ತುಂಡೊಂದನ್ನು ಅಂಟಿಸಿ ಅದರ ಮೇಲೆ ಅಳೆಯಿರಿ.

60 ಡಿಗ್ರಿ ಸೆಲ್ಸಿಯಸ್ ಒಳಗೆ ನಿಂತರೆ ಸರಿ. ಚಿಪ್‌ನ ಒಡಲು ಇದಕ್ಕಿಂತಲೂ ಬಿಸಿ ಇರುತ್ತದೆಂಬುದು ನೆನಪಿರಲಿ. ಅಳೆಯುವ ಸಾಧನ ಇಲ್ಲದಿದ್ದರೆ ಬೆರಳಿಟ್ಟು ನೋಡಿ: ಐದು ಸೆಕೆಂಡ್ ಇಡಲಾಗದಷ್ಟು ಸುಟ್ಟರೆ ಮಿತಿ ಮುಟ್ಟಿದೆ. ಲೈನ್‌ಗೆ ನೇರವಾಗಿ ಜೋಡಿಸಿದ ಡ್ರೈವರ್ ಇರುವಲ್ಲಿ ಈ ಬೆರಳಿನ ಪರೀಕ್ಷೆ ಬೇಡವೇ ಬೇಡ.

ಅಳತೆ ಮಾಡಿದ ದಿನದ ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಣೆ 26 ಡಿಗ್ರಿ ಇದ್ದಾಗ ಹೀಟ್ ಸಿಂಕ್ 51ಕ್ಕೆ ನಿಂತರೆ ಏರಿಕೆ 25 ಡಿಗ್ರಿ. ಅದೇ ದೀಪ ಮೇ ತಿಂಗಳ ಕಲಬುರಗಿಯಲ್ಲಿ, 42 ಡಿಗ್ರಿ ಹವೆಯಲ್ಲಿ, 67ಕ್ಕೆ ಹೋಗುತ್ತದೆ. ಬೆಂಗಳೂರಿನ ಮೇಜಿನ ಮೇಲೆ ಪಾಸಾದ ದೀಪವನ್ನು ಬಿಸಿಲ ನಾಡಿಗೆ ಕಳಿಸುವುದಿದ್ದರೆ ಪ್ರವಾಹವನ್ನು 0.5 ಆಂಪಿಯರ್‌ಗೆ ಇಳಿಸಿ, ಇಲ್ಲವೇ ಹೀಟ್ ಸಿಂಕ್ ದೊಡ್ಡದು ಮಾಡಿ. ಪೆಟ್ಟಿಗೆಯೊಳಗೆ ಕೂರಿಸುವ ದೀಪವಾದರೆ ಮುಚ್ಚಳ ಹಾಕಿಯೇ ಈ ಇಡೀ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಗಾಳಿಕಿಂಡಿ ಕೆಳಗೊಂದು, ಮೇಲೊಂದು ಇರಲಿ.

ಫ್ಯಾನ್ ಹಾಕಿದವರು ಅದು ಒಂದು ದಿನ ನಿಲ್ಲುತ್ತದೆ ಎಂದುಕೊಂಡೇ ವ್ಯವಸ್ಥೆ ಮಾಡಬೇಕು. 65 ಡಿಗ್ರಿಗೆ ತೆರೆದುಕೊಳ್ಳುವ ಪುಟ್ಟ ಥರ್ಮಲ್ ಸ್ವಿಚ್‌ಗಳು ಅಗ್ಗವಾಗಿ ಸಿಗುತ್ತವೆ. ತಣ್ಣಗಿರುವಾಗ ಮುಚ್ಚಿರುವ ಬಗೆಯನ್ನೇ ಕೇಳಿ ತಂದು, ಚಿಪ್ ಪಕ್ಕದಲ್ಲಿ ಹೀಟ್ ಸಿಂಕ್‌ಗೆ ಬಿಗಿಯಿರಿ. ಅದರ ತಂತಿ 19 ವೋಲ್ಟ್ ಬರುವ ಕಡೆ ಸೇರಬೇಕು. ಚಿಪ್ ಕಡೆ ಸೇರಿಸಿದರೆ, ತಣಿದು ಮತ್ತೆ ಮುಚ್ಚಿಕೊಂಡಾಗಲೆಲ್ಲ ಮೇಲೆ ಹೇಳಿದ ಕೆಪಾಸಿಟರ್ ಹೊಡೆತ ಚಿಪ್‌ಗೆ ಬೀಳುತ್ತದೆ.

## ದೀಪವನ್ನು ಕೂಡಲೇ ಆರಿಸಬೇಕಾದ ಸೂಚನೆಗಳು

ಬಿಳಿ ಬೆಳಕು ನೀಲಿಗೆ ತಿರುಗುವುದು, ಹಳದಿ ಮುಖದಲ್ಲಿ ಕಂದು ಕಲೆ, ಸುಟ್ಟ ವಾಸನೆ: ಮೂರೂ ಒಂದೇ ಮಾತು ಹೇಳುತ್ತವೆ, ಶಾಖ ಹೊರಹೋಗುತ್ತಿಲ್ಲ. ಚಿಪ್ ಕುದಿಯುವಷ್ಟು ಬಿಸಿಯಾಗಿ ಹೀಟ್ ಸಿಂಕ್ ಮಾತ್ರ ತಣ್ಣಗಿದ್ದರೆ ಖುಷಿಪಡಬೇಡಿ, ನಡುವಿನ ಪೇಸ್ಟ್ ಅಥವಾ ಸ್ಕ್ರೂ ಕೆಲಸ ಮಾಡುತ್ತಿಲ್ಲ.

ಒಂದು ಸಾಲು ಆರಿದ್ದರೆ ಉಳಿದವು ಚೆನ್ನಾಗಿ ಉರಿಯುತ್ತಿವೆಯಲ್ಲ ಎಂದು ಮುಂದುವರಿಸಬೇಡಿ. ಅವು ಒಂದೂವರೆ ಪಟ್ಟು ಹೊರೆ ಹೊತ್ತಿವೆ. ಸಿದ್ಧ ಡ್ರೈವರ್ ಬಳಸಿದಾಗ ದೀಪ ಒಂದೇ ಸಮನೆ ಮಿಣಿಮಿಣಿ ಎಂದರೆ, ಡ್ರೈವರ್ ಮೇಲೆ ಬರೆದ ವೋಲ್ಟೇಜ್ ವ್ಯಾಪ್ತಿಯೊಳಗೆ ಚಿಪ್ ಬರುತ್ತಿಲ್ಲ. 24ರಿಂದ 40 ವೋಲ್ಟ್ ಎಂದು ಬರೆದ ಡ್ರೈವರ್‌ಗೆ 10 ವೋಲ್ಟ್ ಚಿಪ್ ಹೊಂದುವುದಿಲ್ಲ.

## ಬ್ಯಾಟರಿಯಿಂದ ಉರಿಸುವವರಿಗೆ

12 ವೋಲ್ಟ್ ಎಂದು ಕರೆಯುವ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14 ವೋಲ್ಟ್ ದಾಟುತ್ತದೆ. ಯುಪಿಎಸ್ ಬ್ಯಾಟರಿಗೋ ಬೈಕಿಗೋ ಚಿಪ್ ಅನ್ನು ನೇರವಾಗಿ ಸೇರಿಸಿದರೆ ಉಳಿಯುವ ಪ್ರಶ್ನೆಯೇ ಇಲ್ಲ. ಇಲ್ಲೂ ಅದೇ ಮಾಡ್ಯೂಲ್ ನಡುವೆ ಇರಲಿ. ಬ್ಯಾಟರಿ ಇಳಿದಾಗ ಬಕ್ ಮಾಡ್ಯೂಲ್‌ಗೆ ಬೇಕಾದಷ್ಟು ವೋಲ್ಟೇಜ್ ಸಿಗದೆ ಬೆಳಕು ಮಂಕಾಗುತ್ತದೆ, ಅದರಿಂದ ಹಾನಿಯಿಲ್ಲ. ಫ್ಯೂಸ್ ಮಾತ್ರ ಬ್ಯಾಟರಿಯ ಪ್ಲಸ್ ಕಂಬದ ಪಕ್ಕದಲ್ಲೇ ಇರಬೇಕು, ಏಕೆಂದರೆ ಅದಕ್ಕಿಂತ ಹಿಂದಿನ ತಂತಿ ಶಾರ್ಟ್ ಆದರೆ ಬ್ಯಾಟರಿ ಆ ತಂತಿಯನ್ನೇ ಕೆಂಪಗೆ ಕಾಯಿಸಬಲ್ಲದು.

## 230 ವೋಲ್ಟ್ ಡ್ರೈವರ್ ಮತ್ತು ದೊಡ್ಡ ಚಿಪ್‌ಗಳು

ಲೈನ್‌ಗೆ ನೇರ ಜೋಡಿಸುವ ಡ್ರೈವರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಟ್ರಾನ್ಸ್‌ಫಾರ್ಮರ್ ಮೂಲಕ ಔಟ್‌ಪುಟ್ ಬೇರ್ಪಟ್ಟಿರುತ್ತದೆ. ಇನ್ನೊಂದರಲ್ಲಿ ಔಟ್‌ಪುಟ್ ತಂತಿಯೂ ಲೈನ್‌ಗೇ ತಗುಲಿಕೊಂಡಿರುತ್ತದೆ; ಮೇಲೆ 36 ವೋಲ್ಟ್ ಎಂದು ಬರೆದಿದ್ದರೂ ಮುಟ್ಟಿದವರಿಗೆ 230 ವೋಲ್ಟ್‌ನ ಶಾಕ್ ಹೊಡೆಯಬಹುದು. ಅಗ್ಗದ ಬಲ್ಬುಗಳಿಂದ ಕಿತ್ತ ಹಲಗೆಗಳು ಹೆಚ್ಚಾಗಿ ಈ ಎರಡನೆಯ ಜಾತಿಯವು. ಹೊಸಬರು ಅವನ್ನು ಮುಟ್ಟಲೇಬಾರದು. ಡ್ರೈವರ್ ಕೊಳ್ಳುವುದಿದ್ದರೆ ಪೂರ್ತಿ ಮುಚ್ಚಿದ, ಬೇರ್ಪಟ್ಟ ಔಟ್‌ಪುಟ್‌ನ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿರುವುದನ್ನು ತನ್ನಿ. ಹೀಟ್ ಸಿಂಕ್‌ಗೆ ಮೂರು ಪಿನ್ ಪ್ಲಗ್‌ನ ಅರ್ಥಿಂಗ್ ತಂತಿ ಸೇರಿಸಿ. ಮನೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ.

"ಡ್ರೈವರ್ ಬೇಡದ 50 ವಾಟ್ ಚಿಪ್" ಎಂದು ಅಂಗಡಿಗಳಲ್ಲಿ ಕೊಡುವ, 220 ವೋಲ್ಟ್ ನೇರ ಕೊಡುವ ಅಲ್ಯೂಮಿನಿಯಂ ಹಲಗೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅವುಗಳ ಮುಖದ ಮೇಲಿನ ಬೆಸುಗೆಗಳೆಲ್ಲ ಲೈನ್ ವೋಲ್ಟೇಜ್‌ನಲ್ಲಿರುತ್ತವೆ. ಹಲಗೆಯ ಲೋಹಕ್ಕೂ ಲೈನ್‌ಗೂ ನಡುವೆ ಇರುವುದು ತೆಳುವಾದ ಒಂದು ಪದರ ಮಾತ್ರ. ಅಗ್ಗವೆಂದು ತಂದು ಮಕ್ಕಳ ಮೇಜಿನ ದೀಪಕ್ಕೆ ಹಾಕಬೇಡಿ.

50 ಮತ್ತು 100 ವಾಟ್‌ನ ಸಾಮಾನ್ಯ ಚಿಪ್‌ಗಳಿಗೂ ಕ್ರಮ ಇದೇ. ವೋಲ್ಟೇಜ್ 30ರಿಂದ 36ಕ್ಕೆ ಏರುತ್ತದೆ, ಆದ್ದರಿಂದ 19 ವೋಲ್ಟ್ ಅಡಾಪ್ಟರ್ ಮತ್ತು ಬಕ್ ಮಾಡ್ಯೂಲ್‌ನ ಜೋಡಿ ನಡೆಯದು. 100 ವಾಟ್‌ನದು 60–70 ವಾಟ್ ಶಾಖ ಉಗುಳುತ್ತದೆ, ಫ್ಯಾನ್ ಇಲ್ಲದ ಸಣ್ಣ ಹೀಟ್ ಸಿಂಕ್ ಅದನ್ನು ತಾಳಲಾರದು. ಒಂದೇ ಡ್ರೈವರ್‌ಗೆ ಎರಡು ಚಿಪ್ ಬೇಕೆಂದರೆ ಸರಣಿಯಲ್ಲಿ ಹಾಕಿ. ಸಮಾಂತರವಾಗಿ ಹಾಕಿದರೆ ಹೆಚ್ಚು ಬಿಸಿಯಾದ ಚಿಪ್ ಹೆಚ್ಚು ಪ್ರವಾಹ ಎಳೆದುಕೊಂಡು ಮೊದಲು ಹೋಗುತ್ತದೆ, ಆಮೇಲೆ ಪೂರ್ತಿ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ. ನಿಮ್ಮ 10 ವಾಟ್ ದೀಪ ಒಂದು ಬೇಸಿಗೆ ಪೂರ್ತಿ ಬಣ್ಣ ಬದಲಾಯಿಸದೆ ಉರಿದ ಮೇಲೆ ದೊಡ್ಡದಕ್ಕೆ ಹೋಗಿ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ರೆಕ್ಕೆಗಳ ನಡುವಿನ ದೂಳನ್ನು ಒಣ ಬ್ರಷ್‌ನಿಂದ ತೆಗೆದು, ಸ್ಕ್ರೂಗಳು ಸಡಿಲಾಗಿವೆಯೇ ಎಂದು ನೋಡುತ್ತಿರಿ.